ಶಾಸನಗಳ ಕಡತದಲ್ಲಿ ಊರೂರಿಗೆ ದಾರಿ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯ ಶಾಸನಗಳನ್ನು ಕುರಿತು ಮನೆಯಲ್ಲಿಯೇ ಕುಳಿತು ಟಿಪ್ಪಣಿ ಬರೆದಿಡುವ ಗೃಹಸ್ಥರುಂಟು. ವರ್ಡ್ ಕಡತವು ಇನ್ನೂರು ಪುಟ ದಾಟಿತೆಂದರೆ, ಕಿಕ್ಕೇರಿಯಿಂದ ಕಂಬದಹಳ್ಳಿಗೆ ಹೋಗುವುದು ಬಸ್ಸಿನಲ್ಲಿ ಸುಲಭ, ಕಡತದಲ್ಲಿ ಕಷ್ಟ. ಬೆರಳು ಸೋಲುವುದು ಹಾಗಿರಲಿ, ಒಂದೂರಿನ ಟಿಪ್ಪಣಿಯು ಮತ್ತೊಂದೂರಿನ ಕೆಳಗೆ ಸೇರಿಬಿಡುತ್ತದೆ. ಮುಂದೆ ಓದುವವರು ಅದನ್ನೇ ನಿಜವೆಂದು ನಂಬುವರು.

ಇಲ್ಲಿ ಗೊಂದಲಕ್ಕೆ ಕಾರಣವೂ ಉಂಟು. ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟವನ್ನು 1894ರಲ್ಲಿಯೂ ನಾಲ್ಕನೆಯದನ್ನು 1898ರಲ್ಲಿಯೂ ಪ್ರಕಟಿಸಿದಾಗ ಪಾಂಡವಪುರವೆಂಬ ತಾಲ್ಲೂಕೇ ಇರಲಿಲ್ಲ. ಮೇಲುಕೋಟೆ, ತೊಣ್ಣೂರುಗಳು ಶ್ರೀರಂಗಪಟ್ಟಣಕ್ಕೆ ಸೇರಿದ್ದುವು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಈ ಮೂರು ತಾಲ್ಲೂಕುಗಳು ಆರನೆಯ ಸಂಪುಟದಲ್ಲಿಯೂ (1977) ನಾಗಮಂಗಲವು ಏಳನೆಯದರಲ್ಲಿಯೂ (1979) ಬಂದಿವೆ. ಆದುದರಿಂದ ಇಂದಿನ ತಾಲ್ಲೂಕನ್ನೇ ಹಿಡಿದು, ಹಳೆಯ ಸಂಖ್ಯೆಯನ್ನು ಟಿಪ್ಪಣಿಯೊಳಗೆ ಬರೆಯುವುದು ಲೇಸೆಂದು ನಮ್ಮ ಅಭಿಪ್ರಾಯ.

ತಾಲ್ಲೂಕಿಗೆ ಹೆಡಿಂಗ್ 1, ಊರಿಗೆ ಹೆಡಿಂಗ್ 2, ಶಾಸನಕ್ಕೆ ಹೆಡಿಂಗ್ 3 ಎಂಬ ಶೈಲಿಗಳನ್ನು ಕೊಡತಕ್ಕದ್ದು. ಅಕ್ಷರವನ್ನು ದಪ್ಪ ಮಾಡಿದ ಮಾತ್ರಕ್ಕೆ ಯಂತ್ರವು ಅದನ್ನು ಶೀರ್ಷಿಕೆಯೆಂದು ತಿಳಿಯದು.

ಇನ್ನು ಮ್ಯಾಕ್ರೋ. ಒಮ್ಮೆ ಮಾಡಿ ತೋರಿಸಿದ ಕೆಲಸವನ್ನು ನೆನಪಿಟ್ಟು, ಕೀಲಿಯೊತ್ತಿದಾಗಲೆಲ್ಲ ಮರಳಿ ಮಾಡುವ ಸೂಚನೆಗಳ ಕಟ್ಟಿಗೆ ಈ ಹೆಸರು. ವ್ಯೂ ಎಂಬಲ್ಲಿ ಮ್ಯಾಕ್ರೋಸ್, ಅದರೊಳಗೆ ರೆಕಾರ್ಡ್ ಮ್ಯಾಕ್ರೋ ಆರಿಸಿ, ಹೆಸರಿಟ್ಟು, ಬೇರೆ ಕೆಲಸಕ್ಕೆ ಬಳಸದ ಕೀಲಿಗಳನ್ನು ಗೊತ್ತುಮಾಡಬೇಕು. ಬಳಿಕ ಕಂಟ್ರೋಲ್-ಎಚ್ ಒತ್ತಿ, ಫೈಂಡ್ ಭಾಗದಲ್ಲಿ ಹುಡುಕುವ ಪದವನ್ನು ಖಾಲಿ ಬಿಟ್ಟು, ಮೋರ್, ಫಾರ್ಮ್ಯಾಟ್, ಸ್ಟೈಲ್ ಎಂಬ ದಾರಿಯಲ್ಲಿ ಹೆಡಿಂಗ್ 2 ಆರಿಸಿ, ಫೈಂಡ್ ನೆಕ್ಸ್ಟ್ ಒತ್ತಿ ಕಿಟಕಿಯನ್ನು ಮುಚ್ಚಬೇಕು. ಆಗ ಊರಿನ ಹೆಸರು ಆಯ್ಕೆಯಾಗಿ ನಿಲ್ಲುತ್ತದೆ. ಅಲ್ಲಿಯೇ ಬೆರಳಚ್ಚಿಸಲು ತೊಡಗಿದರೆ ಊರೇ ಅಳಿಸಿಹೋದೀತು! ಅದಕ್ಕಾಗಿ ಬಲಬಾಣದ ಕೀಲಿಯನ್ನು ಒಮ್ಮೆ ಒತ್ತಿ, ಆಮೇಲೆ ರೆಕಾರ್ಡಿಂಗ್ ನಿಲ್ಲಿಸಬೇಕು. ಇನ್ನು ಮೇಲೆ ಆ ಕೀಲಿಗಳನ್ನು ಒತ್ತಿದಷ್ಟು ಸಲವೂ ನಡುವಣ ಶಾಸನಗಳನ್ನೆಲ್ಲ ದಾಟಿ ಮುಂದಿನ ಊರು ಬರುವುದು. ಹಿಂದಕ್ಕೆ ಹೋಗಲು ಬೇರೊಂದು ಮ್ಯಾಕ್ರೋ ಬೇಕು; ಅದರಲ್ಲಿ ಹುಡುಕುವ ದಿಕ್ಕು ಮೇಲಕ್ಕೆ, ಒತ್ತುವುದು ಎಡಬಾಣ.

ಮ್ಯಾಕ್ರೋವನ್ನು ನಾರ್ಮಲ್ ಎಂಬ ಮಾದರಿ ಕಡತದಲ್ಲಿ ಇಟ್ಟರೆ ಆ ಯಂತ್ರದ ಎಲ್ಲ ಕಡತಗಳಿಗೂ ದೊರೆಯುತ್ತದೆ. ಪರರು ಕಳುಹಿಸಿದ ಕಡತವು ಮ್ಯಾಕ್ರೋಗಳಿಗೆ ಅಪ್ಪಣೆ ಕೇಳಿದರೆ, ಕಳುಹಿಸಿದವರನ್ನು ವಿಚಾರಿಸದೆ ಕೊಡಬಾರದು. ಅದರೊಳಗೆ ಕೇಡಿನ ಸೂಚನೆಗಳೂ ಅಡಗಿರಬಹುದು.