ನೆರಳಿಗೆ ಯಾವ ಮಾಧ್ಯಮ?

ವಿಜ್ಞಾನ ಇಂಗ್ಲಿಷಿಗೆ, ಸಂಸ್ಕೃತಿ ಕನ್ನಡಕ್ಕೆ ಎಂಬ ಪಾಲುಪಟ್ಟಿಗೆ ಮುಂಬಯಿಯ ಕನ್ನಡಿಗರಾದ ನಾವು ಎಂದು ರುಜು ಹಾಕಿದೆವೋ ತಿಳಿಯದು. ಸಂಘದ ಭಾನುವಾರದ ತರಗತಿಯಲ್ಲಿ ಪುಟ್ಟ ಮಕ್ಕಳಿಗೆ ಬೆಳಕಿನ ಪಾಠವೂ ಇರಲೆಂದು ನಾನು ಸೂಚಿಸಿದಾಗ ಬಂದ ಉತ್ತರ ಇದೇ. ವರ್ಣಮಾಲೆ, ಭಾವಗೀತೆ, ರಾಜ್ಯೋತ್ಸವದ ಕೋಲಾಟ ಇಷ್ಟಾದರೆ ಸಾಕಂತೆ!

ಈ ವಾದವನ್ನು ನಾನು ಒಪ್ಪಲಾರೆ. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆಂದು ಇಂಗ್ಲಿಷಿನಲ್ಲಿ ತಡವರಿಸದೆ ಒಪ್ಪಿಸುವ ಏಳು ವರ್ಷದ ಮಗುವಿಗೆ ತನ್ನ ನೆರಳಿನ ಚಿತ್ರ ಬರೆಯಲು ಹೇಳಿ ನೋಡಿ. ಎಷ್ಟೋ ಮಕ್ಕಳು ಅದಕ್ಕೆ ಕಣ್ಣು, ಮೂಗು, ನಗುವ ಬಾಯಿಯನ್ನೂ ಬರೆಯುತ್ತಾರೆ. ಅವರ ಪಾಲಿಗೆ ನೆರಳೆಂದರೆ ಕನ್ನಡಿಯ ಬಿಂಬದ ತಮ್ಮ. ಅದು ಬೆಳಕು ತಲುಪದೆ ಉಳಿದ ಜಾಗವೆಂಬ ಅರಿವು ಇನ್ನೂ ಮೂಡಿಲ್ಲ. ವಾಕ್ಯವೊಂದು ಬಾಯಿಗೆ ಬಂದಿದೆ, ಅಷ್ಟೆ.

ಇಲ್ಲಿಯೇ ಕನ್ನಡ ನೆರವಿಗೆ ಬರುವುದು. ಮರದಡಿ ಕುಳಿತು ದಣಿವಾರಿಸಿಕೊಳ್ಳುವುದೂ ನೆರಳು, ಗೋಡೆಯ ಮೇಲೆ ಬೆರಳುಗಳಿಂದ ಮೂಡುವ ಜಿಂಕೆಯೂ ನೆರಳು. ಇಂಗ್ಲಿಷಿನಲ್ಲಿ ಎರಡು ಶಬ್ದಗಳಾದದ್ದು ನಮ್ಮಲ್ಲಿ ಒಂದೇ. ಎರಡಕ್ಕೂ ಕಾರಣ ಒಂದೇ ಎಂಬ ಪಾಠದ ಅರ್ಧವನ್ನು ಭಾಷೆಯೇ ಮುಗಿಸಿಬಿಟ್ಟಿದೆ. (ಎಳೆಯರನ್ನು 'ವಕ್ರೀಭವನ'ದಿಂದ ಬೆದರಿಸುವ ಪಂಡಿತರ ಮೇಲೂ ನನಗೆ ಸಿಟ್ಟಿದೆ. ನೀರಿನ ಲೋಟದಲ್ಲಿಟ್ಟ ಪೆನ್ಸಿಲು ಮುರಿದಂತೆ ಕಾಣುವುದನ್ನು ಮೊದಲು ತೋರಿಸಲಿ, ಹೆಸರು ಆಮೇಲೆ.) ಕಾರಂತರು ಮಕ್ಕಳಿಗಾಗಿ ಕನ್ನಡದಲ್ಲಿ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ತಂದದ್ದು 1936ರಲ್ಲಿ, ನಮಗೆ ಇನ್ನೂ ಅನುಮಾನ!

ತೊಗಲುಗೊಂಬೆಯಾಟವನ್ನು ಪರಂಪರೆಯೆಂದು ವೇದಿಕೆಗೆ ತರಿಸುತ್ತೇವೆ, ಮಕ್ಕಳನ್ನು ಮುಂದಿನ ಸಾಲಿನಲ್ಲಿ ಸದ್ದಿಲ್ಲದೆ ಕುಳ್ಳಿರಿಸುತ್ತೇವೆ. ಅವರನ್ನು ಪರದೆಯ ಹಿಂದಕ್ಕೇಕೆ ಬಿಡಬಾರದು? ಗೊಂಬೆಯನ್ನು ಪರದೆಯಿಂದ ದೀಪದತ್ತ ಸರಿಸಿದರೆ ನೆರಳು ಹಿಗ್ಗುತ್ತದೆ, ಅಂಚು ಮಸುಕಾಗುತ್ತದೆ. ಹದಮಾಡಿದ ತೊಗಲು ಅರೆಪಾರದರ್ಶಕ, ಆದ್ದರಿಂದಲೇ ಅದರ ಬಣ್ಣ ಪರದೆಗೆ ದಾಟುತ್ತದೆ. ಅದೇ ರಾವಣನನ್ನು ರಟ್ಟಿನಲ್ಲಿ ಕತ್ತರಿಸಿ ಹಿಡಿದರೆ ಬರಿಯ ಕಪ್ಪು. ಇದು ಸಂಸ್ಕೃತಿಯೋ ವಿಜ್ಞಾನವೋ, ಪಾಲುಪಟ್ಟಿ ಬರೆದವರೇ ಹೇಳಲಿ.

ಪ್ರತಿವರ್ಷ ಮೇ 15ರ ಆಸುಪಾಸಿನಲ್ಲಿ ಮುಂಬಯಿಯ ನಡುಹಗಲಿನ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಬುಡದಲ್ಲೇ ಅಡಗಿಹೋಗುತ್ತದೆ. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕಿರುವ ದೆಹಲಿಯ ನಮ್ಮ ಬಂಧುಗಳಿಗೆ ಈ ಭಾಗ್ಯವಿಲ್ಲ. ಜುಲೈ ಕೊನೆಯಲ್ಲಿ ಮತ್ತೊಮ್ಮೆ ಬರುತ್ತಾನೆ, ಆದರೆ ಆಗ ಮಳೆಮೋಡ ಬಿಡಬೇಕಲ್ಲ! ಹಾಗಾಗಿ ಮೇ ತಿಂಗಳೇ ಸರಿ. ಕೋಲನ್ನು ನಾನು ತರುತ್ತೇನೆ, ಕಾರ್ಯಕಾರಿ ಸಮಿತಿಯವರು ಅಂದು ತಾರಸಿಯ ಬೀಗದಕೈ ಕೊಡಲಿ.