ಒಂದು ಹಗಲಿನ ದಾಂಡೇಲಿ

ಪ್ರವಾಸವೆಂಬ ಶಬ್ದದ ಒಳಗೆ ವಾಸವೆಂಬ ಶಬ್ದ ಅಡಗಿದೆ. ಮನೆಯನ್ನು ಬಿಟ್ಟು ಬೇರೊಂದೆಡೆ ಇದ್ದು ಬರುವುದು ಪ್ರವಾಸ. ಇರದೆ ಬರುವುದಕ್ಕೆ ಆ ಹೆಸರು ಸಲ್ಲದು. ಇದನ್ನು ತರಗತಿಯಲ್ಲಿ ಹೇಳಿ ಹೊರಗೆ ಬಂದರೆ ‘ಒಂದು ದಿನದ ದಾಂಡೇಲಿ ಶೈಕ್ಷಣಿಕ ಪ್ರವಾಸ’ ಎಂಬ ಕಾಗದವೊಂದು ಸೂಚನಾಫಲಕದ ಮೇಲೆ ನನ್ನ ವ್ಯಾಕರಣವನ್ನು ಅಣಕಿಸುತ್ತಿರುತ್ತದೆ. ಅದರ ಕೆಳಗೆ ಕಾರ್ಯಕ್ರಮದ ಪಟ್ಟಿ: ಬೆಳಗಿನ ಐದಕ್ಕೆ ಹೊರಡುವುದು, ಸಿಂಥೇರಿ ಬಂಡೆ, ಗಣೇಶಗುಡಿಯಲ್ಲಿ ದೋಣಿಯಾಟ, ಊಟ, ಸೂಪಾ ಅಣೆಕಟ್ಟು, ಸಮಯ ಉಳಿದರೆ ಮುಂಡಗೋಡದ ಲಾಮಾ ಕ್ಯಾಂಪು, ರಾತ್ರಿ ಹತ್ತಕ್ಕೆ ಮನೆ.

ಈ ಬಗೆಯ ವಿಹಾರ ಕಾಲೇಜುಗಳಿಗೆ ಮಾತ್ರ ಮೀಸಲಾದುದಲ್ಲ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ಗೃಹಸ್ಥರು ಭಾನುವಾರ ಬೆಳಿಗ್ಗೆ ಹೋಗಿ ರಾತ್ರಿ ಬರುತ್ತಾರೆ. ಬೆಂಗಳೂರಿನವರು ಶುಕ್ರವಾರ ರಾತ್ರಿ ಬಸ್ಸಿನಲ್ಲಿ ಮಲಗಿ, 450 ಕಿಲೋಮೀಟರಿಗೂ ಹೆಚ್ಚು ದೂರ ಬಂದು, ಒಂದು ಹಗಲನ್ನು ನೀರಿನಲ್ಲಿ ಕಳೆದು, ಬಂದ ಹಾಗೆಯೇ ಮಲಗಿಕೊಂಡು ಹಿಂದಿರುಗುತ್ತಾರೆ. ‘ದಾಂಡೇಲಿ ನೋಡಿ ಬಂದೆವು’ ಎನ್ನುತ್ತಾರೆ. ಅವರು ನೋಡಿದ ಸಿಂಥೇರಿ, ಗಣೇಶಗುಡಿ, ಸೂಪಾಗಳು ಜೋಯಿಡಾ ತಾಲ್ಲೂಕಿನವೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ದಾಂಡೇಲಿಯೆಂಬ ಒಂದು ಹೆಸರಿನ ಕೆಳಗೆ ಹಳಿಯಾಳ, ಜೋಯಿಡಾ, ಮುಂಡಗೋಡಗಳು ಕರಗಿಹೋಗಿವೆ.

ಇಂಥ ವಿಹಾರಗಳು ಜನರನ್ನು ಅಜ್ಞಾನದಲ್ಲಿ ಬಿಡುತ್ತವೆ ಎಂದಷ್ಟೇ ಆಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಅಜ್ಞಾನಕ್ಕೆ ಮುಂದೊಂದು ದಿನ ಮದ್ದು ಸಿಕ್ಕೀತು. ಇವು ಒಂದು ಸುಳ್ಳನ್ನು ಕಲಿಸಿ ಕಳುಹಿಸುತ್ತವೆ. ‘ಮನುಷ್ಯರ ಕೈ ಸೋಕದ ಕಾಡು’ ಎಂಬುದೇ ಆ ಸುಳ್ಳು.

ಕೈ ಸೋಕದ ಕಾಡೇ! ದಾಂಡೇಲಿ ಇಂದಿನ ಪಟ್ಟಣವಾಗಿ ಬೆಳೆದದ್ದು ಕಾರ್ಖಾನೆಗಳಿಂದ. ಅಲ್ಲಿಯ ಕಾಗದದ ಕಂಪನಿ ಸ್ಥಾಪನೆಯಾದದ್ದು 1955ರಲ್ಲಿ. ಈ ಕಾಡಿನ ಬಿದಿರು ದಶಕಗಳ ಕಾಲ ಅದರ ಹೊಟ್ಟೆಯನ್ನು ತುಂಬಿತು. ನನ್ನ ತಲೆಮಾರಿನವರು ಅ ಆ ಇ ಈ ತಿದ್ದಿದ ಪುಸ್ತಕದಲ್ಲೂ ಆ ಬಿದಿರಿನ ಒಂದು ಎಳೆ ಇದ್ದೀತು. ಜೋಯಿಡಾದ ಡಿಗ್ಗಿಯ ಬಳಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ ಕಾಳಿಯ ಉದ್ದ ಸುಮಾರು 184 ಕಿಲೋಮೀಟರ್. ಇಷ್ಟು ಚಿಕ್ಕ ನದಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಒಡ್ಡಿನ ಮೇಲೆ ಒಡ್ಡು. ದಂಡೆಯ ಮೇಲೆ ಕೈಗಾದ ಅಣುಸ್ಥಾವರ. ಶಿವರಾಮ ಕಾರಂತರು ತಮ್ಮ ಇಳಿವಯಸ್ಸಿನಲ್ಲಿ, 1989ರಲ್ಲಿ, ಈ ಜಿಲ್ಲೆಯಿಂದ ಲೋಕಸಭೆಗೆ ಸ್ಪರ್ಧಿಸಿದ್ದು ಇಂಥ ಪ್ರಶ್ನೆಗಳನ್ನು ಎತ್ತಲೆಂದು. ಅವರು ಸೋತರು. ಪ್ರಶ್ನೆ ಸೋಲಲಿಲ್ಲ.

ಸೂಪಾದ ಮಾತನ್ನು ಸ್ವಲ್ಪ ನಿಂತು ಹೇಳಬೇಕು. ಕಾಳಿ ಮತ್ತು ಪಾಂಡರಿ ನದಿಗಳು ಕೂಡುವಲ್ಲಿ ಆ ಹೆಸರಿನ ಊರೊಂದಿತ್ತು. ತಾಲ್ಲೂಕಿಗೂ ಅದರದೇ ಹೆಸರಾಗಿತ್ತು. 1987ರಲ್ಲಿ ಮುಗಿದ, 101 ಮೀಟರ್ ಎತ್ತರದ ಅಣೆಕಟ್ಟು ಆ ಊರನ್ನೂ ಸುತ್ತಣ ಹಳ್ಳಿಗಳನ್ನೂ ನೀರಿನ ಅಡಿಗೆ ಇಟ್ಟಿತು. ನಿರಾಶ್ರಿತರಲ್ಲಿ ಅನೇಕರು ರಾಮನಗರಕ್ಕೆ ಹೋದರು. ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಹೋಯಿತು. ಹೆಸರು ಮಾತ್ರ ಅಣೆಕಟ್ಟಿಗೆ ಅಂಟಿಕೊಂಡು ಉಳಿಯಿತು. ನನ್ನ ವಿದ್ಯಾರ್ಥಿಯೊಬ್ಬ ತಮ್ಮನ್ನು ಕರೆದೊಯ್ದ ಮಾರ್ಗದರ್ಶಿಯನ್ನು ಕೇಳಿದನಂತೆ: ‘ಸೂಪಾ ಅಂದ್ರ ಏನ್ರಿ?’ ‘ಡ್ಯಾಮಿನ ಹೆಸರು.’ ‘ಡ್ಯಾಮಿಗೆ ಆ ಹೆಸರು ಯಾಕ ಬಂತ್ರಿ?’ ‘ಇಟ್ಟಾರಲ್ಲ, ಅದಕ್ಕ.’ ಶೈಕ್ಷಣಿಕ ಪ್ರವಾಸದ ಶಿಕ್ಷಣ ಅಲ್ಲಿಗೆ ಮುಗಿಯಿತು.

ಗಣೇಶಗುಡಿಯಲ್ಲಿ ರಬ್ಬರಿನ ದೋಣಿ ಏರಿ, ಕೇಕೆ ಹಾಕುತ್ತ ಇಳಿಯುತ್ತಾರಲ್ಲ, ಆ ಅಲೆಗಳು ಎಲ್ಲಿಯವು? ಅಣೆಕಟ್ಟಿನ ಬುಡದ ವಿದ್ಯುದಾಗಾರದಲ್ಲಿ 50 ಮೆಗಾವಾಟಿನ ಎರಡು ಯಂತ್ರಗಳಿವೆ. ಅವನ್ನು ತಿರುಗಿಸಿ ಹೊರಬಿದ್ದ ನೀರೇ ಆ ಅಲೆ. ಯಂತ್ರ ನಿಂತು ನೀರು ಇಳಿದರೆ ಆಟವೂ ನಿಂತಿತು. ಎಂದರೆ ನಮ್ಮ ‘ಅಸ್ಪೃಷ್ಟ ಪ್ರಕೃತಿ’ಯ ಆರಾಧಕನು ತೇಲುವುದು ಒಂದು ಊರಿನ ಸಂತೆ, ಗುಡಿ, ಹಿತ್ತಲುಗಳ ಮೇಲೆ ನಿಂತು, ಯಂತ್ರದೊಳಗೆ ಹಾದು ಬಂದ ನೀರಿನಲ್ಲಿ. ತೇಲಬೇಡವೆಂದು ನಾನು ಹೇಳುವುದಿಲ್ಲ. ಯಾವ ನೀರಿನಲ್ಲಿ ತೇಲಿದೆನೆಂದು ತಿಳಿದಿರಲಿ.

ನೆಲದ ವಿಷಯದಲ್ಲಿ ಹೀಗಾದರೆ ಜನರ ವಿಷಯದಲ್ಲಿ ಇನ್ನೂ ಹೀನಾಯ. ರಿಸಾರ್ಟುಗಳಲ್ಲಿ ಸಂಜೆ ಬೆಂಕಿ ಹಾಕಿ, ಊಟಕ್ಕೆ ಮುಂಚೆ ಸಿದ್ದಿಗಳನ್ನು ಕರೆಸಿ ಡಮಾಮಿ ಕುಣಿತ ಮಾಡಿಸುವುದುಂಟು. ನೋಡುವವರು ‘ನಿಮ್ಮ ದೇಶ ಯಾವುದು?’ ಎಂದು ಇಂಗ್ಲಿಷಿನಲ್ಲಿ ಕೇಳುವುದೂ ಉಂಟು. ಪೋರ್ಚುಗೀಸರೇ ಮೊದಲಾದವರು ಆಫ್ರಿಕದಿಂದ ಗುಲಾಮರನ್ನಾಗಿ ತಂದವರ ಸಂತತಿ ಅದು. ಯಜಮಾನರ ಕೈಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿ ತಮ್ಮ ಬಿಡುಗಡೆಯನ್ನು ತಾವೇ ಗಳಿಸಿಕೊಂಡವರು. ಹಳಿಯಾಳ, ಮುಂಡಗೋಡ, ಯಲ್ಲಾಪುರಗಳ ಕಡೆ ತಲೆಮಾರುಗಳಿಂದ ಇದ್ದಾರೆ. ಹಿಂದೂ, ಮುಸಲ್ಮಾನ, ಕ್ರೈಸ್ತ ಎಂಬ ಮೂರು ಮತಗಳೂ ಅವರೊಳಗಿವೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರು ಸೇರಲು 2003ರವರೆಗೆ ಕಾಯಬೇಕಾಯಿತು. ಅವರಲ್ಲಿ ಒಬ್ಬರಾದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಬಂದದ್ದು 2020ರಲ್ಲಿ. ಕನ್ನಡಿಗನನ್ನು ಕನ್ನಡ ನಾಡಿನಲ್ಲಿ ನಿಲ್ಲಿಸಿ ಅವನ ದೇಶವನ್ನು ಕೇಳುವ ಪ್ರವಾಸದಿಂದ ಯಾವ ಮನಸ್ಸು ವಿಶಾಲವಾದೀತು?

ಇನ್ನು ‘ಸಮಯ ಉಳಿದರೆ’ ನೋಡಬಹುದಾದ ಮುಂಡಗೋಡ. ಟಿಬೆಟ್ಟಿನ ನಿರಾಶ್ರಿತರ ವಸಾಹತು ಅಲ್ಲಿ 1966ರಲ್ಲಿ ಆರಂಭವಾಯಿತು. ಲ್ಹಾಸಾದ ಬಳಿ 1409ರಲ್ಲಿ ಸ್ಥಾಪನೆಯಾದ ಗಾಂದೆನ್, 1416ರಲ್ಲಿ ಸ್ಥಾಪನೆಯಾದ ದ್ರೆಪುಂಗ್ ಎಂಬ ಮಹಾವಿಹಾರಗಳು ನೆಲೆ ಕಳೆದುಕೊಂಡು ಬಂದು ಮುಂಡಗೋಡದ ಕೆಂಪು ಮಣ್ಣಿನಲ್ಲಿ ಮತ್ತೆ ಬೇರು ಬಿಟ್ಟಿವೆ. ಅಲ್ಲಿಯ ಅಂಗಳದಲ್ಲಿ ಭಿಕ್ಷುಗಳು ಚಪ್ಪಾಳೆ ತಟ್ಟಿ ಪ್ರಶ್ನೆ ಹಾಕಿ ವಾದಿಸುತ್ತಾರೆ. ನಮ್ಮ ಪ್ರವಾಸಿಗಳು ಅವರು ಜಗಳವಾಡುತ್ತಿದ್ದಾರೆಂದು ಭಾವಿಸಿ, ನಕ್ಕು, ಚಿತ್ರ ತೆಗೆದುಕೊಂಡು ಹೊರಡುತ್ತಾರೆ. ಆ ವಾದ ದಿಙ್ನಾಗ, ಧರ್ಮಕೀರ್ತಿಗಳ ತರ್ಕಪರಂಪರೆಯದು. ಭಾರತದಿಂದ ಹಿಮಾಲಯ ದಾಟಿ ಹೋದ ವಿದ್ಯೆ ಎಷ್ಟೋ ಶತಮಾನಗಳ ಮೇಲೆ ತವರಿಗೆ ಮರಳಿದೆ. ಹುಬ್ಬಳ್ಳಿಯಿಂದ ಒಂದು ಗಂಟೆಯ ದಾರಿಯಲ್ಲಿರುವ ಈ ಅದ್ಭುತಕ್ಕೆ ನಮ್ಮ ಕಾರ್ಯಕ್ರಮದಲ್ಲಿ ಉಳಿಕೆ ಸಮಯ!

ಈ ಮಾತುಗಳನ್ನು ಆಡಿದಾಗ ನನಗೆ ಬರುವ ಮೊದಲನೆಯ ಉತ್ತರ ಯೂರೋಪಿನದು. ಅಲ್ಲಿಯ ರಾಜಧಾನಿಗಳಿಂದ ಜನ ವಾರವಾರವೂ ಒಂದು ದಿನದ ವಿಹಾರಕ್ಕೆ ಹೊರಡುವುದಿಲ್ಲವೇ, ನಾವು ಮಾಡಿದರೆ ತಪ್ಪೇ ಎನ್ನುತ್ತಾರೆ. ಒಳ್ಳೆಯದು, ಅಲ್ಲಿಗೇ ಹೋಗೋಣ. ಪ್ರಾಗ್ ನಗರದಲ್ಲಿ ಚೆಕ್ ಜನ 1888ರಲ್ಲಿ ಪ್ರವಾಸಿ ಸಂಘವೊಂದನ್ನು ಕಟ್ಟಿದರು. ಮರುವರ್ಷ ಆ ಸಂಘ ಬಣ್ಣದ ಗುರುತು ಹಾಕಿ ತೆರೆದ ಮೊದಲ ಕಾಲುದಾರಿ, ನಗರದ ದಕ್ಷಿಣಕ್ಕೆ ಶ್ಟೆಖೊವಿತ್ಸೆ ಎಂಬ ಊರಿನಿಂದ ವ್ಲ್ತಾವಾ ನದಿಯ ಸಂತ ಜಾನರ ರಭಸಗಳೆಂಬ ಜಲಧಾರೆಗಳವರೆಗೆ ಹೋಗುತ್ತಿತ್ತು. ಅದೂ ಒಂದು ಹಗಲಿನ ವಿಹಾರವೇ. ಆದರೆ ಹೋಗುವವನು ನಡೆದು ಹೋಗುತ್ತಿದ್ದ. ಊರು, ಬಂಡೆ, ತಿರುವುಗಳ ಹೆಸರು ಅವನ ನಾಲಿಗೆಯ ಮೇಲೆ ನಿಲ್ಲುತ್ತಿತ್ತು. 1940ರ ದಶಕದಲ್ಲಿ ಅಲ್ಲಿಯೂ ಅಣೆಕಟ್ಟು ಬಂದು ಆ ರಭಸಗಳು ಮುಳುಗಿದುವು. ಸ್ಮೆತಾನಾ ಎಂಬ ಸಂಗೀತಗಾರ 1874ರಲ್ಲಿಯೇ ಆ ನದಿಯ ಮೇಲೆ ಕೃತಿ ರಚಿಸಿ ಅವನ್ನು ನಾದದಲ್ಲಿ ಹಿಡಿದಿಟ್ಟಿದ್ದ. ನೀರು ಮುಳುಗಿಸಿದ್ದನ್ನು ಆ ಜನ ಮರೆಯಲಿಲ್ಲ. ನಾವು ಯೂರೋಪಿನಿಂದ ಒಂದು ದಿನದ ಲೆಕ್ಕವನ್ನು ತಂದೆವು. ನಡಿಗೆಯನ್ನೂ ನೆನಪನ್ನೂ ಅಲ್ಲಿಯೇ ಬಿಟ್ಟು ಬಂದೆವು.

ಎರಡನೆಯ ಉತ್ತರ ಹೆಚ್ಚು ಗಟ್ಟಿಯಾದದ್ದು. ಬರುವವರಿಂದ ಅಲ್ಲಿಯ ಬಡವರ ಒಲೆ ಉರಿಯುತ್ತದೆ ಎಂಬುದು. ಕೆಲವು ಒಲೆಗಳು ಉರಿಯುತ್ತವೆ. ಅದನ್ನು ಅಲ್ಲಗಳೆಯುವವನು ನಾನಲ್ಲ. ದೋಣಿ ನಡೆಸುವ ಹುಡುಗ, ಅಡಿಗೆ ಮಾಡುವ ತಾಯಿ, ಜೀಪಿನ ಚಾಲಕ ಇವರ ದುಡಿಮೆ ಗೌರವದ ದುಡಿಮೆ. ಆದರೆ ಊಟ, ಆಟ, ವಾಹನಗಳಿಗೆಲ್ಲ ಊರಿನಲ್ಲಿಯೇ ಒಟ್ಟು ದುಡ್ಡು ಕಟ್ಟಿ ಬಂದವನು ಜೋಯಿಡಾದ ಸಂತೆಯಲ್ಲಿ ಏನನ್ನು ಕೊಂಡಾನು? ಅಲ್ಲಿಯ ಕುಣಬಿಗಳು ಬೆಳೆಯುವ ಗೆಡ್ಡೆಗೆಣಸುಗಳ ಮೇಳವೇ ನಡೆಯುತ್ತದೆ. ಪೇಟೆಯ ನಾವು ಕಣ್ಣಿನಿಂದಲೂ ಕಾಣದ ಜಾತಿಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ದಾಂಡೇಲಿ ಅಣಶಿಯ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಕಾಡಿನೊಳಗಿನ ಊರಿನವರಿಗೆ ಪರಿಹಾರ ಕೊಡುತ್ತೇವೆ, ಹೊರಗೆ ಬನ್ನಿ ಎಂದು ಸರ್ಕಾರ ಹೇಳುತ್ತದೆ. ಹೊರಗಿನವರಿಗೆ ಟಿಕೀಟು ಕೊಡುತ್ತೇವೆ, ಒಳಗೆ ಬನ್ನಿ ಎನ್ನುತ್ತದೆ. ಹುಲಿಗೆ ಈ ತರ್ಕ ಅರ್ಥವಾಗುತ್ತದೋ ಏನೋ, ನನಗೆ ಆಗದು.

ಇದೇ ದಾರಿಯಲ್ಲಿ ಇನ್ನೊಂದು ಬಗೆಯ ಯಾತ್ರೆ ಇಂದಿಗೂ ನಡೆಯುತ್ತಿದೆ. ಕಲ್ಯಾಣದ ಕ್ಷೋಭೆಯ ತರುವಾಯ ಶರಣರನ್ನು ಕರೆದುಕೊಂಡು ಬಂದ ಚನ್ನಬಸವಣ್ಣನವರು ಐಕ್ಯರಾದ ಉಳವಿ ಜೋಯಿಡಾದ ಕಾಡಿನೊಳಗಿದೆ. ಮಾಘಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿಯ ಕಡೆಯ ಒಕ್ಕಲು ಮಕ್ಕಳು ಚಕ್ಕಡಿ ಹೂಡಿಕೊಂಡು ಬರುತ್ತಾರೆ. ಎತ್ತು ದಣಿದಲ್ಲಿ ಬಿಡಾರ. ಬಿಡಾರ ಹೂಡಿದಲ್ಲಿ ಒಲೆ, ಭಜನೆ, ಆ ಊರಿನವರೊಡನೆ ಮಾತು. ಯಾವ ಹಳ್ಳದಲ್ಲಿ ನೀರಿದೆ, ಯಾವ ಊರಿನಲ್ಲಿ ಮೇವು ಸಿಕ್ಕೀತು ಎಂಬುದು ಅವರಿಗೆ ಅಜ್ಜನಿಂದ ಬಂದ ತಿಳಿವಳಿಕೆ. ಅಕ್ಷರ ಬಾರದ ರೈತನು ಮಾಡುವುದು ಪ್ರವಾಸ, ಎಂ.ಎ. ಆದವರು ಏರ್ಪಡಿಸುವುದು ಬರಿಯ ಸಾಗಾಟ.

ಎಲ್ಲರೂ ಚಕ್ಕಡಿ ಹೂಡಬೇಕೆಂದು ನಾನು ಹೇಳುತ್ತಿಲ್ಲ. ರಜೆ ಒಂದೇ ದಿನದ್ದಾದರೆ ಒಂದೇ ದಿನ ಹೋಗಿ. ಆದರೆ ಆ ದಿನವನ್ನು ಒಂದೇ ಊರಿಗೆ ಕೊಡಿ. ಮುಂಡಗೋಡಕ್ಕೆ ಹೋದರೆ ಭಿಕ್ಷುಗಳ ವಾದ ಮುಗಿಯುವವರೆಗೆ ಅಂಗಳದ ಅಂಚಿನಲ್ಲಿ ಕುಳಿತಿರಿ. ಜೋಯಿಡಾಕ್ಕೆ ಹೋದರೆ ಊರವರ ಮನೆಯಲ್ಲಿ ಉಂಡು ದುಡ್ಡನ್ನು ಅವರ ಕೈಗೆ ಕೊಡಿ. ಕಾಲೇಜುಗಳು ಒಂದೇ ದಿನದಲ್ಲಿ ಆರು ಸ್ಥಳ ತೋರಿಸುವ ಪಟ್ಟಿಯನ್ನು ಹರಿದು ಹಾಕಲಿ; ಹೋಗುವ ಮುನ್ನ ಆ ಊರಿನ ಚರಿತ್ರೆಯನ್ನು ಒಂದು ಗಂಟೆ ಪಾಠ ಮಾಡಲಿ, ಕನ್ನಡದ ಮೇಷ್ಟರುಗಳಾದ ನಾವು ಆ ಗಂಟೆಯನ್ನು ಸಂತೋಷದಿಂದ ಕೊಡುತ್ತೇವೆ. ಪ್ರವಾಸೋದ್ಯಮದ ಇಲಾಖೆಯವರು ಸೂಪಾದ ನೀರು ಕಾಣುವ ಕಡೆಯಲ್ಲೆಲ್ಲ ಒಂದೊಂದು ಕಲ್ಲು ನಿಲ್ಲಿಸಿ, ಮುಳುಗಿದ ಪ್ರತಿಯೊಂದು ಊರಿನ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಕೆತ್ತಿಸಲಿ. ಅದನ್ನು ಓದಲು ಎರಡು ನಿಮಿಷ ಸಾಕು. ಅಷ್ಟು ಸಮಯ ಎಂಥ ಕಾರ್ಯಕ್ರಮದಲ್ಲೂ ಉಳಿಯುತ್ತದೆ.