ಓದಿನ ಅಕ್ಕಂದಿರು

ನಮ್ಮ ವಾಚಕರಲ್ಲೊಬ್ಬ ಗೃಹಿಣಿಯವರು ಕಳೆದ ತಿಂಗಳು ನಮಗೊಂದು ಕಾಗದ ಬರೆದಿದ್ದರು. ಮನೆಗೆಲಸ ಮುಗಿದ ತರುವಾಯ ತಮಗೆ ದಿನಕ್ಕೊಂದು ಗಂಟೆ ಬಿಡುವುಂಟೆಂದೂ, ಊರ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಓದು ಕಲಿಸಲು ನೆರವಾಗುವ ಆಸೆಯಿದೆಯೆಂದೂ, ಆದರೆ ತಾವು ಉಪಾಧ್ಯಾಯರ ತರಬೇತನ್ನು ಪಡೆದವರಲ್ಲವಾದುದರಿಂದ ಅದಕ್ಕೆ ಅರ್ಹರೋ ಅಲ್ಲವೋ ತಿಳಿಯದೆಂದೂ ಅದರಲ್ಲಿತ್ತು. ಅರ್ಹತೆಯ ಮಾತು ಹಾಗಿರಲಿ. ತರಬೇತಾದವರೆಂದು ಹೆಸರು ಪಡೆದ ನಾವೇ ಈ ಕೆಲಸವನ್ನು ಒಮ್ಮೆ ಕೆಡಿಸಿದವರು. ಆ ವೃತ್ತಾಂತವನ್ನು ಅರುಹಿದರೆ ಅವರ ಪ್ರಶ್ನೆಗೆ ಅರ್ಧ ಉತ್ತರ ದೊರೆತೀತು.

ನಾವು ನಿವೃತ್ತರಾದ ಮೇಲೆ ಜಂಗಮಕೋಟೆಯ ಸೀಮೆಯಲ್ಲಿ ನೆಲಸಿದ್ದೇವೆ. ಶಿಡ್ಲಘಟ್ಟ ತಾಲ್ಲೂಕಿನ ಈ ಹೋಬಳಿ ರೇಷ್ಮೆಯಿಂದ ಬದುಕತಕ್ಕದ್ದು. ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು. ಶಾಲೆಯಲ್ಲಿ ಓದುವುದು ಕನ್ನಡ. ಇಲ್ಲಿನ ಒಂದು ಶಾಲೆಯಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮೂವತ್ತು ಮಕ್ಕಳು ಒಬ್ಬರೇ ಉಪಾಧ್ಯಾಯಿನಿಯ ಮುಂದೆ ಕೂಡುತ್ತಾರೆ. ಇದು ‘ನಲಿ-ಕಲಿ’ಯ ಕ್ರಮ. ಚಿಂತಾಮಣಿಯ ಆಚೆ ಗಡಿ ದಾಟಿದರೆ ಸಿಕ್ಕುವ ಮದನಪಲ್ಲಿಯ ಹತ್ತಿರದ ಋಷಿವ್ಯಾಲಿಯಲ್ಲಿ ಕಂಡು ಕಲಿತುದನ್ನು ಉಪಾಧ್ಯಾಯರು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲುಮಾಡಿದರು. ಮುಂದೆ ಅದು ನಾಡಿನ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಕ್ರಮವೇನೋ ಒಳ್ಳೆಯದೇ. ಆದರೆ ನಲವತ್ತು ನಿಮಿಷದ ಪಾಠದಲ್ಲಿ ಮೂವತ್ತು ಮಕ್ಕಳು ಒಬ್ಬೊಬ್ಬರಾಗಿ ಓದುವುದನ್ನು ಕೇಳಬೇಕೆಂದರೆ ತಲೆಗೆ ಒಂದು ನಿಮಿಷಕ್ಕಿಂತ ತುಸುವೇ ಹೆಚ್ಚು ಕಾಲ ಸಿಕ್ಕುತ್ತದೆ. ಮಗುವಿನ ಓದನ್ನು ಕೇಳುವ ಕಿವಿಯೇ ಕಡಮೆಯಾದರೆ ಓದು ಬಂದೀತು ಹೇಗೆ? ನಮ್ಮ ದೇಶದ ಹಳ್ಳಿಗಳಲ್ಲಿ ಮೂರನೆಯ ತರಗತಿಯ ಮಕ್ಕಳ ಪೈಕಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ನೂರಕ್ಕೆ ಸುಮಾರು 27, ಶಾಲೆಗಳು ಮುಚ್ಚಿದ್ದ ಕಾಲ ಕಳೆದು 2022ರಲ್ಲಿ ಸುಮಾರು 20, ಮತ್ತೆ 2024ರಲ್ಲಿ 27 ಎಂದು ‘ಅಸರ್’ ವರದಿಗಳು ಹೇಳುತ್ತವೆ.

ಹೀಗಿರುವುದರಿಂದ ಹೆಡ್‌ಮಾಸ್ತರರ ಒಪ್ಪಿಗೆ ಪಡೆದು ಊರಿನಿಂದ ಹನ್ನೆರಡು ಮಂದಿಯನ್ನು ಕೂಡಿಹಾಕಿದೆವು: ಹತ್ತನೆಯ ತರಗತಿ ಮುಗಿಸಿ ಮನೆಯಲ್ಲಿದ್ದ ಹುಡುಗಿಯರು, ಇಬ್ಬರು ತಾಯಂದಿರು, ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬ ವೃದ್ಧರು. ಮಕ್ಕಳು ಆ ಹುಡುಗಿಯರಿಗೆ ‘ಓದಿನ ಅಕ್ಕ’ ಎಂದೂ ವೃದ್ಧರಿಗೆ ‘ಓದಿನ ತಾತ’ ಎಂದೂ ತಾವೇ ಹೆಸರಿಟ್ಟರು. ಅಕ್ಕ, ತಾತ ಎರಡೂ ಕನ್ನಡಕ್ಕೂ ತೆಲುಗಿಗೂ ಸಮಾನವಾದ ಮಾತುಗಳು. ಇದಕ್ಕಿಂತ ಒಳ್ಳೆಯ ಹೆಸರು ನಮಗೆ ಹೊಳೆಯುತ್ತಿರಲಿಲ್ಲ.

ಇಲ್ಲಿಯೇ ನಾವು ಎಡವಿದುದು. ಮೂರು ದಿನ ಅವರನ್ನು ಕುಳ್ಳಿರಿಸಿ ವರ್ಣಮಾಲೆ, ಉಚ್ಚಾರಣೆಯ ಸ್ಥಾನಗಳು, ಅಲ್ಪಪ್ರಾಣ ಮಹಾಪ್ರಾಣಗಳ ಭೇದ, ಇವನ್ನೆಲ್ಲ ಉಪನ್ಯಾಸ ಮಾಡಿದೆವು. ಅವರು ಭಕ್ತಿಯಿಂದ ಬರೆದುಕೊಂಡರು. ಅದನ್ನೆಲ್ಲ ಕೊಂಡೊಯ್ದು ಮಕ್ಕಳ ಮೇಲೆ ಪ್ರಯೋಗಿಸಿದರು. ಎರಡನೆಯ ದಿನವೇ ಮೂರನೆಯ ತರಗತಿಯ ಒಬ್ಬ ಹುಡುಗಿ ‘ಹಾಲು’ ಎಂಬುದನ್ನು ‘ಆಲು’ ಎಂದು ಓದಿದಳು. ಅಕ್ಕ ತಿದ್ದಿದಳು, ಸಾಲದೆಂದು ಪಕ್ಕದಲ್ಲಿದ್ದ ನಾವೂ ತಿದ್ದಿದೆವು. ಒಂದು ಪುಟಕ್ಕೆ ಏಳು ಸಲ ತಿದ್ದುಪಾಟು ನಡೆಯಿತು. ಮಾರನೆಯ ದಿನ ಆ ಮಗುವಿಗೆ ಹೊಟ್ಟೆನೋವು. ಅದರ ಮಾರನೆಯ ದಿನವೂ ಹೊಟ್ಟೆನೋವು. ದಸರೆಯ ಹೊತ್ತಿಗೆ ಅಕ್ಕಂದಿರು ಬರುವುದನ್ನು ಕಂಡರೆ ಮಕ್ಕಳು ನೀರಿನ ತೊಟ್ಟಿಯ ಹಿಂದೆ ಅವಿತುಕೊಳ್ಳುವಂತಾಯಿತು. ಹನ್ನೆರಡರಲ್ಲಿ ಐವರು ಸಹಾಯಕರು ಬಿಟ್ಟುಹೋದರು.

ಅದೇ ಶಾಲೆಯಲ್ಲಿ ಇನ್ನೊಬ್ಬ ಹುಡುಗನಿದ್ದನು. ಅವನು ತಲೆದೂಗುತ್ತ, ರಾಗವೆಳೆಯುತ್ತ, ಒಂದೂ ತಪ್ಪಿಲ್ಲದಂತೆ ಪುಟಗಳನ್ನು ಓದಿ ಬಿಸಾಡುವನು. ನಾವು ಅವನನ್ನು ಎಲ್ಲರೆದುರಿಗೆ ಹೊಗಳಿದ್ದೆವು. ಒಂದು ಮಧ್ಯಾಹ್ನ ಒಬ್ಬ ಅಕ್ಕ, ಕಥೆಯ ನಡುವೆ ಪುಸ್ತಕವನ್ನು ಮಡಿಸಿಟ್ಟು, “ತರ್ವಾತ ಏಮಾಯ?” ಎಂದು ತೆಲುಗಿನಲ್ಲಿ ಕೇಳಿದಳು. ಮುಂದೇನಾಯಿತೆಂಬುದಿರಲಿ, ಹಿಂದೆ ಆದುದೇನೆಂಬುದೂ ಹುಡುಗನಿಗೆ ತಿಳಿದಿರಲಿಲ್ಲ. ಆಗ ಆ ‘ಆಲಿನ’ ಹುಡುಗಿ, ಗೋಡೆಯ ಮೂಲೆಯಿಂದ, ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ತೆಲುಗಿನಲ್ಲಿ ಹೇಳಿಬಿಟ್ಟಳು.

ಸಂಸ್ಕೃತವನ್ನು ಓದಿದ ನಮಗೆ ಇದು ಹೊಸ ವಿಷಯವಾಗಬಾರದಾಗಿತ್ತು. ಪಾಣಿನೀಯ ಶಿಕ್ಷೆಯಲ್ಲಿ ಆರು ಬಗೆಯ ಅಧಮ ಪಾಠಕರನ್ನು ಎಣಿಸಿದೆ: ಹಾಡಿಕೊಂಡು ಓದುವವನು, ಅವಸರದವನು, ತಲೆದೂಗುವವನು, ಬರೆದುದನ್ನು ನೋಡಿಕೊಂಡು ಓದುವವನು, ಅರ್ಥವರಿಯದವನು, ಕ್ಷೀಣಕಂಠದವನು. (ನಾಲ್ಕನೆಯದು ವೇದವನ್ನು ಬಾಯಿಪಾಠದಿಂದ ಒಪ್ಪಿಸುತ್ತಿದ್ದ ಕಾಲದ ಮಾತು, ನಮ್ಮ ಮಕ್ಕಳನ್ನು ಅದರಿಂದ ಬಿಡುಗಡೆ ಮಾಡೋಣ.) ನಾವು ಹೊಗಳಿದ ಹುಡುಗನಲ್ಲಿ ಈ ದೋಷಗಳಲ್ಲಿ ನಾಲ್ಕಿದ್ದವು. ನಾವು ಬಾಯಿ ಮುಚ್ಚಿಸಿದ ಹುಡುಗಿಯಲ್ಲಿ ಕ್ಷೀಣಕಂಠವೊಂದೇ ಇತ್ತು. ಅದೂ ನಾವು ಮಾಡಿದ್ದು.

ಎರಡನೆಯ ಸಲ ತರಬೇತನ್ನು ಒಂದೂವರೆ ದಿನಕ್ಕೆ ಇಳಿಸಿದೆವು. ಅದರಲ್ಲಿ ಹೆಚ್ಚಿನ ಭಾಗ ಸುಮ್ಮನಿರುವುದರ ಅಭ್ಯಾಸ. ಮಗು ಒಂದು ಪದದಲ್ಲಿ ನಿಂತರೆ ಮನಸ್ಸಿನಲ್ಲಿ ಐದು ಎಣಿಸಬೇಕು; ಅದುವರೆಗೆ ತುಟಿ ಬಿಚ್ಚಕೂಡದು. ಇದು ಸುಲಭವೆಂದು ತಿಳಿಯುವವರು ತಮ್ಮ ಮನೆಯ ಮಗುವನ್ನು ಓದಲು ಕೂರಿಸಿಕೊಂಡು ಪರೀಕ್ಷಿಸಬಹುದು. ಓದಿನ ತಾತನವರು ಮೊದಲು ಎರಡಕ್ಕಿಂತ ಹೆಚ್ಚು ಎಣಿಸಲಾರದೆ ಹೋದರು. ನಾವು ಮೂರಕ್ಕೆ ಸೋತೆವು. ಓದಿದ್ದು ತಪ್ಪಾದರೂ ಅರ್ಥ ಕೆಡದಿದ್ದರೆ ವಾಕ್ಯ ಮುಗಿಯುವವರೆಗೆ ಬಿಟ್ಟುಬಿಡುವುದು, ಅರ್ಥ ಕೆಟ್ಟರೆ ತಿದ್ದದೆ, “ಹಾಗೆಂದರೇನಮ್ಮ?” ಎಂದು ಕೇಳುವುದು. ಉತ್ತರವನ್ನು ಮಗು ತೆಲುಗಿನಲ್ಲಿ ಕೊಟ್ಟರೆ ತೆಲುಗಿನಲ್ಲೇ ಕೇಳಿಕೊಳ್ಳುವುದು. ಇದರಿಂದ ಕನ್ನಡಕ್ಕೆ ಕೊರತೆಯಾಗುವುದೆಂದು ಕೆಲವರು ಆಕ್ಷೇಪಿಸಿದರು. ಅರ್ಥವಾದ ಮೇಲೆ ಕನ್ನಡದ ಮಾತು ತಾನಾಗಿ ನಾಲಗೆಗೆ ಬರುವುದನ್ನು ನಾವು ಕಣ್ಣಾರೆ ಕಂಡಿರುವುದರಿಂದ ಆ ಆಕ್ಷೇಪಕ್ಕೆ ಬೆಲೆ ಕೊಡಲಾರೆವು.

ಅಕ್ಷರಗಳ ವಿಷಯದಲ್ಲಿ ಒಂದೆರಡು ಸಂಗತಿಗಳನ್ನು ಮಾತ್ರ ಹೇಳಿಕೊಟ್ಟೆವು. ಒತ್ತಕ್ಷರವು ಕೆಳಗಿದ್ದರೂ ಅದನ್ನು ಮೇಲಿನ ವ್ಯಂಜನದ ತರುವಾಯ ನುಡಿಯಬೇಕು. ಅರ್ಕಾವತ್ತು ಇದಕ್ಕೆ ತಿರುಗುಮುರುಗು: ಬರೆಯುವುದು ಮುಂದೆ, ನುಡಿಯುವುದು ಹಿಂದೆ. ‘ವರ್ಷ’ವನ್ನು ‘ವಷ್ರ’ ಎಂದು ಓದುವ ಮಗುವು ದಡ್ಡನಲ್ಲ; ಕಣ್ಣಿಗೆ ಕಂಡ ಕ್ರಮವನ್ನು ಪ್ರಾಮಾಣಿಕವಾಗಿ ಅನುಸರಿಸಿದೆ, ಅಷ್ಟೆ. ಇಷ್ಟು ತಿಳಿದ ಕೂಡಲೇ ಅಕ್ಕಂದಿರ ಸಿಟ್ಟು ಅರ್ಧ ಇಳಿಯಿತು.

ಇನ್ನು ಏರ್ಪಾಟಿನ ಮಾತು. ಉಳಿದವರಲ್ಲಿ ಎಂಟು ಮಂದಿಯನ್ನು ಆಗಮಾಡಿಕೊಳ್ಳುವಷ್ಟಕ್ಕೆ ಮತ್ತೊಬ್ಬ ತಾಯಿಯನ್ನು ಸೇರಿಸಿಕೊಂಡು ನಾಲ್ಕು ಜೋಡಿ ಮಾಡಿದೆವು. ಜೋಡಿ ಮಾಡಿದುದು ಹುಳುವಿನ ದೆಸೆಯಿಂದ. ನಾಲ್ಕನೆಯ ಜ್ವರವೆದ್ದ ಮೇಲೆ ರೇಷ್ಮೆಹುಳು ವಾರದ ಕಾಲ ತಿನ್ನುವ ಸೊಪ್ಪಿಗೆ ಮಿತಿಯಿಲ್ಲ. ಹಣ್ಣಾದ ಹುಳುಗಳನ್ನು ಆಯ್ದು ಚಂದ್ರಿಕೆಗೆ ಬಿಡುವ ದಿನವಂತೂ ಮನೆಯವರೆಲ್ಲ ಅಲ್ಲಿಯೇ ಇರಬೇಕು. ಆ ವಾರ ಶಾಲೆಗೆ ಬಾರೆಂದರೆ ಯಾರು ಬಂದಾರು? ಆದ್ದರಿಂದ ಒಂದೇ ದಿನ ಹುಳು ತಂದ ಎರಡು ಮನೆಗಳವರನ್ನು ಒಂದೇ ಜೋಡಿಗೆ ಹಾಕದೆ, ಒಬ್ಬರ ಬೆಳೆ ಇಳಿಯುವಾಗ ಇನ್ನೊಬ್ಬರದು ಮರಿಯಾಗಿರುವಂತೆ ನೋಡಿಕೊಂಡೆವು. ಪಂಚಾಂಗ ನೋಡಿ ಮಾಡಿದ ಏರ್ಪಾಟುಗಳಿಗಿಂತ ಇದು ಚೆನ್ನಾಗಿ ನಿಂತಿದೆ.

ಒಬ್ಬರಿಗೆ ಮೂರೇ ಮಕ್ಕಳು. ತಿಂಗಳು ಕಳೆದರೂ ಅದೇ ಮಕ್ಕಳು. ಕೂಡುವುದು ಶಾಲೆಯ ಜಗಲಿಯಲ್ಲಿ, ಉಪಾಧ್ಯಾಯಿನಿಯ ಕಣ್ಣಿಗೆ ಬೀಳುವಂತೆ; ಮುಚ್ಚಿದ ಕೋಣೆಯಲ್ಲಿ ಕೂಡದು, ಮಗುವನ್ನು ಒಂಟಿಯಾಗಿ ಎಲ್ಲಿಗೂ ಕರೆದೊಯ್ಯಕೂಡದು. ಈ ನಿಯಮದಿಂದ ತಾತನವರಿಗೂ ವಿನಾಯಿತಿಯಿಲ್ಲ, ನಮಗೂ ಇಲ್ಲ. ಎಲ್ಲಿ ಓದು ನಿಂತಿತೆಂದು ಒಂದೇ ಸಾಲು ನೋಟುಬುಕ್ಕಿನಲ್ಲಿ ಬರೆದು ಶನಿವಾರ ಉಪಾಧ್ಯಾಯಿನಿಗೆ ಒಪ್ಪಿಸಬೇಕು.

ಶಾಲೆಯ ವೇಳೆಯಲ್ಲಿಯೇ ಏಕೆ, ಸಂಜೆ ದೇವಸ್ಥಾನದ ಕಟ್ಟೆಯಲ್ಲಾಗದೆ ಎಂದು ಕೇಳಿದವರುಂಟು. ಉತ್ತರಪ್ರದೇಶದ ಜೌನಪುರ ಜಿಲ್ಲೆಯಲ್ಲಿ ಇಂಥದೇ ಪರೀಕ್ಷೆ ನಡೆದಿತ್ತು. ಮುಂದೆ 2019ರ ನೊಬೆಲ್ ಬಹುಮಾನ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಅವರೂ ಅವರ ಸಂಗಡಿಗರೂ ಅದರ ಫಲಿತವನ್ನು 2010ರಲ್ಲಿ ಪ್ರಕಟಿಸಿದರು. ಊರಿನ ಯುವಕರು ಅಲ್ಪ ತರಬೇತು ಪಡೆದು ಶಾಲೆಯ ಹೊರಗೆ ಓದು ಕಲಿಸಿದರು. ಬಂದ ಮಕ್ಕಳಿಗೆ ಓದು ಹತ್ತಿತು. ಆದರೆ ಬಂದವರು ನೂರಕ್ಕೆ ಎಂಟು ಮಕ್ಕಳು ಮಾತ್ರ. ಓದು ಬಾರದ ಮಗುವು ಆಟದ ವೇಳೆಯನ್ನು ಬಿಟ್ಟು ಓದಲು ಬರುವುದೆಂದು ನಿರೀಕ್ಷಿಸುವುದು ದೊಡ್ಡವರ ಭ್ರಮೆ.

ಒಂದು ವ್ಯಥೆಯನ್ನೂ ಇಲ್ಲಿ ಹೇಳಿಬಿಡುತ್ತೇವೆ. ಇನ್ನೊಂದು ಊರಿನಲ್ಲಿ ನಮ್ಮನ್ನು ನೋಡಿ ಈ ಏರ್ಪಾಟನ್ನು ತೊಡಗಿದರು. ಎರಡು ತಿಂಗಳೊಳಗೆ ಅಕ್ಕಂದಿರ ಕೈಗೆ ಹಾಜರಿ ಪುಸ್ತಕ ಬಂದಿತು. ಉಪಾಧ್ಯಾಯರು ಸಭೆಗೆ ಹೋದ ದಿನ ತರಗತಿಯೇ ಅವರ ಪಾಲಿಗೆ ಬಂದಿತು. ಸಂಬಳವಿಲ್ಲದ ಮೇಷ್ಟರನ್ನು ಸಂಪಾದಿಸುವುದಕ್ಕೆ ಇದೊಂದು ಉಪಾಯವಾಗುವುದಾದರೆ ಇದು ಇಲ್ಲದಿರುವುದೇ ಲೇಸು. ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಪದ್ಧತಿಯನ್ನು ಆಂಡ್ರೂ ಬೆಲ್ ಎಂಬಾತನು ಮದರಾಸಿನ ಅನಾಥಾಲಯದಲ್ಲಿ ರೂಢಿಸಿ 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನಷ್ಟೆ. ಮರಳಿನ ಮೇಲೆ ಬೆರಳಿನಿಂದ ಬರೆಯಿಸುವುದನ್ನು ಆತನು ನಮ್ಮ ದಕ್ಷಿಣದ ಮಠಗಳಿಂದಲೇ ಕಂಡುಕೊಂಡನು. ಅಲ್ಲಿ ಅದು ಬೇಗನೆ ಹರಡಿದ್ದಕ್ಕೆ ಮುಖ್ಯ ಕಾರಣ ಅದರ ಅಗ್ಗತನ. ಆ ಕಾರಣವನ್ನು ನಾವು ಮತ್ತೆ ಆಮದು ಮಾಡಿಕೊಳ್ಳಬೇಕಾದುದಿಲ್ಲ.

ಕಾಗದ ಬರೆದ ಸೋದರಿಯವರು ಮೊದಲು ತಮ್ಮ ಊರಿನ ಹೆಡ್‌ಮಾಸ್ತರರನ್ನೂ ಶಾಲಾಭಿವೃದ್ಧಿ ಸಮಿತಿಯವರನ್ನೂ ಕಂಡು ಒಪ್ಪಿಗೆ ಪಡೆಯಲಿ. ಜೊತೆಗೆ ಇನ್ನೊಬ್ಬರನ್ನು ಹುಡುಕಿಕೊಳ್ಳಲಿ. ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ ಸಾಕು. ಆದರೆ ಹೇಳಿದ ದಿನ ತಪ್ಪಬಾರದು. ಅಕ್ಕ ಬಾರದ ದಿನ ಮಗು ಬಾಗಿಲ ಕಡೆಗೆ ನೋಡುತ್ತಿರುತ್ತದೆ.

‘ಆಲಿನ’ ಹುಡುಗಿಯ ಹೊಟ್ಟೆನೋವು ವಾಸಿಯಾಗಿದೆ. ಈಗ ಹಕಾರವೂ ಆಗಾಗ ಬರುತ್ತದೆ. ರಾಗದ ಹುಡುಗನ ಓದು ಮೊದಲಿಗಿಂತ ನಿಧಾನವಾಗಿದೆ. ಅದಕ್ಕೆ ಅವನ ತಂದೆಗೆ ಅಸಮಾಧಾನ. ಅವರಿಗೆ ಸಮಾಧಾನ ಹೇಳಲು ಬರುವ ಭಾನುವಾರ ಹೋಗಬೇಕೆಂದಿದ್ದೇವೆ. ಅಷ್ಟರಲ್ಲಿ ಅವರ ಹುಳು ಗೂಡಿಗೆ ಬಿದ್ದಿರುತ್ತದೆ.